ಐತ್ವಾರ ಬಾರದ ಹೊಟ್ಟೆನೋವು: ಕಲಬುರಗಿ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಕಲಬುರಗಿಯ ಒಬ್ಬ ತಾಯಿ. ಮಗ ಹತ್ತನೇ ತರಗತಿಯಲ್ಲಿದ್ದಾಗ, ದೀಪಾವಳಿ ರಜೆ ಮುಗಿದ ಮೇಲೆ ಅವನಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ನಾನು ರೊಟ್ಟಿ ಬಡಿಯುತ್ತಿರುವಾಗ ಅವನು ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ಕೂತುಬಿಡುತ್ತಿದ್ದ. ಅಜವಾನದ ನೀರು ಕುಡಿಸಿದೆ. ಅತ್ತೆ ದೃಷ್ಟಿ ತೆಗೆದರು. ಸ್ಕ್ಯಾನಿಂಗ್ ಮಾಡಿಸಿದೆವು, ಏನೂ ಇರಲಿಲ್ಲ. 'ನಾಟಕ ಮಾಡ್ತಾನ' ಎಂದು ಅವರಪ್ಪ ಹೊಡೆದರು. ನಾನು ಬಿಡಿಸಲಿಲ್ಲ. ಅದು ಈಗಲೂ ನನ್ನನ್ನು ಸುಡುತ್ತದೆ.

ಕೊನೆಗೆ ಒಬ್ಬ ವೈದ್ಯೆ ಕೇಳಿದರು: "ಐತ್ವಾರ ನೋಯ್ತದೇನಪ್ಪ?" ಅವನು ತಲೆ ತಗ್ಗಿಸಿದ. ಐತ್ವಾರ, ಅಂದರೆ ಶಾಲೆಗೆ ರಜೆ ಇರುವ ಭಾನುವಾರ, ಒಂದು ದಿನವೂ ನೋವು ಬಂದಿರಲಿಲ್ಲ. "ನೋವು ಸುಳ್ಳಲ್ಲರಿ, ಹೆದರಿಕೆಗೂ ಹೊಟ್ಟಿ ಖರೇನ ನೋಯ್ತದ" ಎಂದು ಅವರು ತಿಳಿಸಿ ಹೇಳಿದರು. ಶಾಲೆಯಲ್ಲಿ ಪ್ರತಿ ಟೆಸ್ಟಿನ ಅಂಕಗಳನ್ನು ಎಲ್ಲರೆದುರು ಕೂಗಿ ಓದುತ್ತಿದ್ದರಂತೆ. ಪಾಲಕರ ವಾಟ್ಸಾಪ್ ಗುಂಪಿಗೂ ಆ ಪಟ್ಟಿ ಬರುತ್ತಿತ್ತು. ಮನೆಯಲ್ಲಿ ನಾವು ಅದನ್ನೇ ಹಿಡಿದು ಇನ್ನೊಮ್ಮೆ ವಿಚಾರಣೆ ಮಾಡುತ್ತಿದ್ದೆವು.

ಶಿಕ್ಷಕರನ್ನಷ್ಟೇ ದೂರಲಾರೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ನಮ್ಮ ಜಿಲ್ಲೆ ಶೇ. 42.43 ಪಡೆದು ರಾಜ್ಯಕ್ಕೇ ಕೊನೆಯಾಯಿತು. ಆ ಅಂಕಿ ನಿಮ್ಮ ಸಭೆಯಿಂದ ಹೊರಟು ಡಿಡಿಪಿಐ (ಜಿಲ್ಲೆಯ ಶಿಕ್ಷಣಾಧಿಕಾರಿ), ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ), ಮುಖ್ಯಗುರುಗಳನ್ನು ದಾಟಿ, ಕೊನೆಗೆ ಶೂ ಹಿಡಿದು ಕೂತ ಹುಡುಗನ ತಲೆ ಮೇಲೆ ಬಂದು ಕೂಡುತ್ತದೆ.

ಪಾಲಕರಾದ ನಮಗೂ ಗೊತ್ತಿರುವುದು ಎರಡೇ. ಬಡಿಯುವುದು, ಇಲ್ಲವೇ ಮೊಬೈಲ್ ಕೊಟ್ಟು ಸುಮ್ಮನಾಗಿಸುವುದು. ಎದುರು ಕೂತು ಕೇಳುವುದನ್ನು ನಮಗೆ ಯಾರೂ ಕಲಿಸಿಲ್ಲ. ನನ್ನ ಮಗನಿಗಾದರೂ ತಂದೆತಾಯಿ ಜೊತೆಗಿದ್ದರು. ನಮ್ಮ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದವರ ಮಕ್ಕಳು ಅಜ್ಜಿಯ ಹತ್ತಿರ ಇರುತ್ತಾರೆ. ಅವರ ಹೊಟ್ಟೆ ಯಾವ ದಿನ ನೋಯುತ್ತದೆ, ಯಾವ ದಿನ ನೋಯುವುದಿಲ್ಲ ಎಂದು ಲೆಕ್ಕ ಇಡುವವರು ಯಾರು?

ನಿಮಗೇ ಬರೆಯಲು ಕಾರಣವಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಒಬ್ಬರಾದರೂ ತರಬೇತಿ ಪಡೆದ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕು, ನಿಗಾ ಇಡಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಇರಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ಆ ಸಮಿತಿಯ ಕೆಲಸವನ್ನು ನಗರದ ದೊಡ್ಡ ಶಾಲೆ, ಕೋಚಿಂಗ್ ಸೆಂಟರುಗಳಿಗೆ ನಿಲ್ಲಿಸದೆ ಚಿಂಚೋಳಿ, ಅಫಜಲಪುರದ ಹಳ್ಳಿ ಶಾಲೆಗಳಿಗೂ ಮುಟ್ಟಿಸಿ. ಚಿಕ್ಕ ಶಾಲೆಗಳಿದ್ದಲ್ಲಿ ನಾಲ್ಕೈದು ಶಾಲೆಗೆ ಒಬ್ಬರನ್ನಾದರೂ ಕೊಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್ ಇರುವುದು ನನಗೆ ಗೊತ್ತೇ ಇರಲಿಲ್ಲ. ಅದನ್ನೂ, ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಅನ್ನೂ ಶಾಲೆಯ ಗೋಡೆ ಮೇಲೆ ಬರೆಸಿ.

ಪಾಲಕರ ಸಭೆ ಹಗಲು ಹನ್ನೊಂದಕ್ಕಿದ್ದರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಸಂಜೆ ಇಡಿಸಿ. ಒಂದು ಪರೀಕ್ಷೆ ಹೋದರೆ ಅದೇ ವರ್ಷ ಮತ್ತೆ ಬರೆಯಬಹುದು ಎಂದು ಅಲ್ಲಿ ಹೇಳಿಸಿ. ಎಷ್ಟೋ ಮನೆಗಳಲ್ಲಿ ಇದು ಗೊತ್ತಿಲ್ಲ. ಮುಂದಿನ ಪರಿಶೀಲನಾ ಸಭೆಯಲ್ಲಿ ಫಲಿತಾಂಶ ಕೇಳುವುದಕ್ಕಿಂತ ಮೊದಲು, ಈ ತಿಂಗಳು ಎಷ್ಟು ಮಕ್ಕಳು ಶಾಲೆಗೆ ಬರುವುದು ಬಿಟ್ಟಿದ್ದಾರೆ, ಅವರ ಮನೆಗೆ ಯಾರು ಹೋಗಿದ್ದರು ಎಂದು ಮುಖ್ಯಗುರುಗಳನ್ನು ಕೇಳಿ.

ಇಂತಿ,
ಒಬ್ಬ ತಾಯಿ, ಕಲಬುರಗಿ