ಬಂಡೆಯ ಮೇಲಿನ ಅನಾಮಿಕನಿಗೆ ಎರಡು ವಾರ ಕೊಡು

ಕಾರವಾರ

ಚಿರಂಜೀವಿ ಸುಹಾಸನಿಗೆ ಮಾವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಳೆ ಬಿಟ್ಟು ನಾಲ್ಕು ದಿನವಾಯಿತು, ಅತ್ತೆ ಅಂಗಳದ ಪಾಚಿ ಕೆರೆಸುತ್ತಿದ್ದಾಳೆ. ನಿನ್ನ ಉಪ್ಪುನೀರಿನ ಮೀನು ಟ್ಯಾಂಕಿನದೆಂದು ನೀನು ಕಳಿಸಿದ ಹನ್ನೊಂದು ಫೋಟೋಗಳೂ ತಲುಪಿದವು. ಉತ್ತರವನ್ನು ಫೋನಿನಲ್ಲಿ ಕಳಿಸಿದರೆ ಅರ್ಧ ಓದಿ ಮುಂದೆ ಹೋಗುವವನು ನೀನು. ಅದಕ್ಕೇ ಕಾಗದ.

"ಮಾವ, ಇದು ಒಳ್ಳೇದೋ ಕೆಟ್ಟದ್ದೋ, ಬೇಗ ಹೇಳು" ಎಂದು ಬರೆದಿದ್ದೀಯ. ಹನ್ನೊಂದು ಫೋಟೋವನ್ನೂ ನೀಲಿ ದೀಪದ ಕೆಳಗೆ ತೆಗೆದಿದ್ದೀಯಲ್ಲೋ ತಮಾ! ಆ ಬೆಳಕಿನಲ್ಲಿ ಹಾಗಲಕಾಯಿ ಕೂಡ ಹವಳದ ಹಾಗೆ ಹೊಳೆಯುತ್ತದೆ. ಬೇರೆಯವರು ಬಳಸಿ ಬಿಟ್ಟ ಟ್ಯಾಂಕನ್ನು ಬಂಡೆ ಸಮೇತ ಕೊಂಡುಕೊಂಡೆ, ಎರಡನೇ ತಿಂಗಳಿಗೆ ಬಂಡೆಯ ಸಂದಿನಿಂದ ಹೆಬ್ಬೆರಳುದ್ದದ ಕಾಫಿ ಬಣ್ಣದ ಹೂವೊಂದು ತಲೆ ಎತ್ತಿತು. ಇಷ್ಟು ನನಗೆ ಗೊತ್ತಾಗಿದೆ. ಅದು ಕಡಲ ಅನಿಮೋನ್, ಅಂದರೆ ಬಂಡೆಗೆ ಅಂಟಿಕೊಂಡು ಬದುಕುವ ಹೂವಿನಂಥ ಪ್ರಾಣಿ ಎಂಬುದರಲ್ಲಿ ಅನುಮಾನವಿಲ್ಲ. ಯಾವ ಅನಿಮೋನ್ ಎಂಬುದು ಆಮೇಲಿನ ಮಾತು. ಅಲ್ಲಿಯ ತನಕ ಕೊಲ್ಲಲೂ ಬೇಡ, ಮುದ್ದು ಮಾಡಲೂ ಬೇಡ. ಎರಡು ವಾರ ಬರೀ ನೋಡು.

ಈ ಆತುರದ ಬಗ್ಗೆ ನನಗೇನು ಗೊತ್ತು ಅಂದುಕೊಳ್ಳಬೇಡ. ಕಾಲೇಜಿನ ಲ್ಯಾಬಿನಲ್ಲಿ ನಾನು ಡೆಮಾನ್‌ಸ್ಟ್ರೇಟರ್ ಆಗಿದ್ದಾಗ ಟ್ಯಾಂಕಿನಲ್ಲಿ ಇಂಥದ್ದೇ ಒಂದು ಕಂದು ಜೀವ ಕಾಣಿಸಿತ್ತು. ಪ್ರಾಚಾರ್ಯರು ಬರುವ ಮುನ್ನ ಚೊಕ್ಕ ಮಾಡಿಬಿಡೋಣವೆಂದು ಚಾಕುವಿನಿಂದ ಕೆರೆದು ತೆಗೆದೆ. ತಿಂಗಳೊಳಗೆ ಅದೇ ಜಾಗದಲ್ಲಿ, ಅದರ ಸುತ್ತ, ಗಾಜಿನ ಮೇಲೆ, ಕೊನೆಗೆ ಪಂಪಿನ ಕೊಳವೆಯ ಒಳಗೆ ಕೂಡ ಇಪ್ಪತ್ತಕ್ಕೂ ಹೆಚ್ಚು. ಅದು ಐಪ್ಟೇಸಿಯಾ, ಟ್ಯಾಂಕಿನಲ್ಲಿ ಕಳೆಯ ಹಾಗೆ ಹಬ್ಬುವ ಅನಿಮೋನ್. ಅದರ ಮೈಯಿಂದ ಉಳಿದ ಒಂದು ಚೂರು ಸಾಕು, ಪೂರ್ತಿ ಹೊಸ ಜೀವ ಎದ್ದು ನಿಲ್ಲುತ್ತದೆ. ಕೆರೆಯುವವರು ಬರಲಿ ಎಂದು ಕಾಯುವುದೂ ಇಲ್ಲ, ಜಾಗ ಬದಲಿಸುವಾಗ ಪಾದದ ಅಂಚಿನಿಂದ ತಾನೇ ಚೂರು ಉದುರಿಸಿಕೊಂಡು ಹೋಗುತ್ತದೆ. ರಕ್ತಬೀಜಾಸುರನ ಕಥೆಯನ್ನು ನಿನಗೆ ಅಜ್ಜಿ ಹೇಳಿದ್ದಾಳಲ್ಲ.

ಬಂಡೆಯನ್ನೇ ಕುದಿಯುವ ನೀರಿಗೆ ಹಾಕಿಬಿಡಲೇ ಎಂದು ಕೇಳಿದ್ದೀಯ. ಬೇಡವೇ ಬೇಡ. ಇಂಥ ಬಂಡೆಗಳ ಮೇಲೆ ಅಂಗಿ ಗುಂಡಿಯಷ್ಟು ಅಗಲದ ಝೋವಾಂತಿಡ್‌ ಎಂಬ, ಹವಳದ ಬಳಗದ ಜೀವಿಗಳು ಕೂತಿರುವುದುಂಟು. ಅವುಗಳಲ್ಲಿ ಕೆಲವು ಜಾತಿಗಳ ಮೈಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಬಂಡೆ ಕುದಿಸಿದ ಆವಿ ಕುಡಿದು ಮನೆಮಂದಿ ಆಸ್ಪತ್ರೆ ಸೇರಿದ್ದು ವೈದ್ಯರ ಪತ್ರಿಕೆಗಳಲ್ಲಿ ದಾಖಲಾಗಿದೆ. ಟ್ಯಾಂಕಿಗೆ ಕೈ ಹಾಕುವಾಗಲೂ ಗ್ಲೌಸು ಹಾಕು, ಆ ಕೈಯಲ್ಲಿ ಕಣ್ಣು ಉಜ್ಜಬೇಡ.

ಈಗ ನೋಡುವ ಬಗೆ. ಹಗಲು ಬಿಳಿ ದೀಪ ಹಾಕಿ ಪಕ್ಕದಿಂದ ನೋಡು. ಹೂವಿನ ಅಂದ ನೋಡಿ ಹೆಸರು ಹೇಳಲು ಹೋದವರೆಲ್ಲ ಸೋತಿದ್ದಾರೆ, ಬಣ್ಣವಂತೂ ಶುದ್ಧ ಮೋಸ. ಕಾಂಡ ನೋಡು, ಪಾದ ಎಲ್ಲಿ ಊರಿದೆ ನೋಡು, ಎಸಳಿನ ತುದಿ ನೋಡು. ನಾವು ಎಸಳು ಎನ್ನುವುದು ಅದರ ಕೈಗಳನ್ನು. ಅಂಬಲಿಮೀನಿಗೆ (ಜೆಲ್ಲಿಫಿಶ್) ಇರುವ ಹಾಗೆ ಅದಕ್ಕೂ ಅಲ್ಲೇ ಕುಟುಕು ಕಣಗಳು. ಕಾಂಡ ತೆಳ್ಳಗೆ ಉದ್ದವಾಗಿ ಅರೆಪಾರದರ್ಶಕವಾಗಿದ್ದು, ಎಸಳು ಸೂಜಿಯಂತೆ ಚೂಪಾಗಿದ್ದು, ಕಡ್ಡಿ ತಾಗಿದ ಕೂಡಲೇ ಸರಕ್ಕನೆ ತೂತಿನೊಳಗೆ ಸೇರಿಕೊಂಡರೆ ಅದು ಐಪ್ಟೇಸಿಯಾ. ಕುಳ್ಳಗೆ, ಎಸಳಿನ ತುದಿ ಮೊಂಡಾಗಿ, ತುಸು ಹಸಿರು ಅಥವಾ ಗುಲಾಬಿಯಾಗಿ, ಒಂದು ರೂಪಾಯಿ ನಾಣ್ಯಕ್ಕಿಂತ ಹೆಚ್ಚು ಬೆಳೆಯದೆ ಗುಂಪಾಗುತ್ತ ಹೋದರೆ ಮಜಾನೋ ಎಂಬ ಇನ್ನೊಂದು ಅನಿಮೋನ್ ಇರಬಹುದು. ಅದೂ ಕಳೆಯೇ. ಪಾದ ಬಂಡೆಯ ಆಳದ ಸಂದಿನಲ್ಲಿ, ಕಾಂಡ ನುಣ್ಣಗೆ, ಎಸಳಿನ ತುದಿಯ ಬಳಿ ಉಬ್ಬು, ವಾರದಿಂದ ವಾರಕ್ಕೆ ಮೈ ಅಗಲವಾಗುತ್ತಿದೆ ಅಂದರೆ ಬಬಲ್ ಟಿಪ್ ಎಂಬ ಸಾಕಲು ಯೋಗ್ಯವಾದ ಅನಿಮೋನ್ ಬಂದಿದೆ, ನಿನ್ನ ಅದೃಷ್ಟ. ಆದರೆ ಅದರ ಉಬ್ಬು ಕೂಡ ಒಂದು ದಿನ ಇದ್ದು ಮರುದಿನ ಇಲ್ಲದಿರಬಹುದು. ಎರಡು ವಾರ ಎಂದದ್ದು ಅದಕ್ಕೇ.

ರಾತ್ರಿ ದೀಪ ಆರಿಸಿ ಒಂದು ತಾಸು ಬಿಟ್ಟು ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡು. ಹಗಲು ಮುದುಡಿದ್ದು ರಾತ್ರಿ ಅರಳಿ, ಎಸಳ ತುದಿಯಲ್ಲಿ ಕಿತ್ತಳೆ ಅಥವಾ ಬಿಳಿ ಗುಂಡುಗಳು ಕಂಡರೆ ಅದು ಚೆಂಡು ಅನಿಮೋನ್, ಬೇರೆಯೇ ಸಂಸಾರ.

ಐಪ್ಟೇಸಿಯಾ ಅಂತ ಖಚಿತವಾಯಿತು ಅಂದುಕೋ. ಒಂದೆರಡಿದ್ದರೆ ಸುಣ್ಣ ಸಾಕು. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಪಂಪು ನಿಲ್ಲಿಸಿ, ಸಿರಿಂಜಿನಿಂದ ಬಾಯಿಯ ಮೇಲೆ ಮುಚ್ಚುವ ಹಾಗೆ ಬಿಡು. ಅತ್ತೆಯ ಎಲೆಯಡಿಕೆ ಡಬ್ಬಿಯ ಸುಣ್ಣ ಬೇಡ, ಅದರಲ್ಲಿ ಏನೇನು ಬೆರೆತಿದೆಯೋ ಆ ಈಶ್ವರನೇ ಬಲ್ಲ. ದಿನಕ್ಕೆ ಎರಡು ಮೂರಕ್ಕಿಂತ ಹೆಚ್ಚಿಗೆ ಕೈ ಹಾಕಬೇಡ, ನೀರಿನ ಪಿಎಚ್, ಅಂದರೆ ಕ್ಷಾರದ ಮಟ್ಟ, ಏರಿ ಮೀನಿಗೆ ಕುತ್ತು. ಹತ್ತಾರು ಆದಮೇಲೆ ಸುಣ್ಣದಿಂದ ಮುಗಿಯುವುದಿಲ್ಲ, ಪೆಪ್ಪರ್‌ಮಿಂಟ್ ಸಿಗಡಿ ಬಿಡಬೇಕು. ಕೊಳ್ಳುವಾಗ ಬೆನ್ನು ನೋಡು. ಗೂನು ಬೆನ್ನು, ದಪ್ಪ ಬಿಳಿ ಪಟ್ಟೆ ಇದ್ದರೆ ಅದು ಒಂಟೆ ಸಿಗಡಿ. ಐಪ್ಟೇಸಿಯಾ ಬಿಟ್ಟು ನಿನ್ನ ಹವಳವನ್ನೇ ಮೇಯುತ್ತದೆ. ಬರ್ಗಿಯಾ ಎಂಬ ಪುಟ್ಟ ಕಡಲ ಗೊಂಡೆಹುಳು ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನುವುದಿಲ್ಲ, ಕಳೆ ಮುಗಿದ ದಿನ ಅದೂ ಉಪವಾಸ. ನನಗೆ ಅದನ್ನು ತರಿಸಲು ಮನಸ್ಸು ಬರುವುದಿಲ್ಲ. ನಿನ್ನಿಷ್ಟ.

ಬಬಲ್ ಟಿಪ್ ಆಗಿದ್ದರೆ ಕೆಲಸ ಹೆಚ್ಚು. ಅದರ ಮೈಯೊಳಗೆ ಪಾಚಿಯ ಕಣಗಳು ವಾಸವಾಗಿವೆ, ಅವು ಬೆಳಕಿನಲ್ಲಿ ಅಡುಗೆ ಮಾಡಿ ಒಡೆಯನಿಗೆ ಬಡಿಸುತ್ತವೆ. ಕಂದು ಬಣ್ಣ ಅವುಗಳದ್ದೇ. ಆದ್ದರಿಂದ ಒಳ್ಳೆಯ ದೀಪ ಮೊದಲು, ಊಟ ಆಮೇಲೆ. ವಾರಕ್ಕೆ ಒಂದೆರಡು ಸಲ ಉಗುರಿನಷ್ಟು ಸಿಗಡಿ ಚೂರು ಕೊಟ್ಟರೆ ಧಾರಾಳ. ನೀರಿನ ಉಪ್ಪನ್ನು ತೋರಿಸುವ ಸಾಪೇಕ್ಷ ಸಾಂದ್ರತೆ 1.025, ಉಷ್ಣ 25ರಿಂದ 27 ಡಿಗ್ರಿ, ಅಮೋನಿಯಾ ಸೊನ್ನೆ. ನೀರು ಆವಿಯಾಗಿ ಇಳಿದಾಗ ಉಪ್ಪುನೀರು ಸುರಿಯಬೇಡ, ಬರೀ ಆರ್‌ಓ ನೀರು. ಉಪ್ಪು ಆವಿಯಾಗಿ ಹೋಗಿರುವುದಿಲ್ಲವಲ್ಲ. ಹಿಂದಿನವರು ಆ ಟ್ಯಾಂಕಿಗೆ ಮೀನಿನ ರೋಗಕ್ಕೆ ತಾಮ್ರದ ಔಷಧ ಹಾಕಿದ್ದರೇ ಎಂದು ಕೇಳಿ ತಿಳಿ. ಮೀನು ತಡೆದುಕೊಂಡೀತು, ಅನಿಮೋನ್ ತಡೆಯುವುದಿಲ್ಲ. ಮುಖ್ಯವಾದದ್ದು ಪಂಪಿನ ಬಾಯಿಗೆ ಸ್ಪಂಜು. ಇದು ಹೂವಿನ ಹಾಗೆ ಕಂಡರೂ ನಡೆಯುವ ಪ್ರಾಣಿ, ರಾತ್ರಿ ಅಡ್ಡಾಡಿ ಪಂಪಿಗೆ ಸಿಕ್ಕರೆ ಬೆಳಿಗ್ಗೆ ಟ್ಯಾಂಕೆಲ್ಲ ಚಟ್ನಿ. ಆಗಾಗ ಮುದುಡಿ ಹೊಲಸು ಕಕ್ಕಿ ಮತ್ತೆ ಅರಳಿದರೆ ಗಾಬರಿಯಾಗಬೇಡ. ಬಾಯಿ ಅಗಲವಾಗಿ ತೆರೆದೇ ಇದ್ದು, ನೀರು ನಾರಿದರೆ ಮಾತ್ರ ಆ ಗಳಿಗೆಯಲ್ಲೇ ಹೊರಗೆ ತೆಗೆ, ಸಂಜೆಗೆ ಅಂತ ಇಡಬೇಡ.

ಕ್ಲೌನ್ ಮೀನಿನ ಜೋಡಿ ತಂದರೆ ಇದರಲ್ಲೇ ಮನೆ ಮಾಡೀತೇ ಎಂಬ ಆಸೆ ನಿನ್ನದು. ಸಾವಿರಕ್ಕೂ ಹೆಚ್ಚು ಜಾತಿಯ ಅನಿಮೋನ್‌ಗಳಲ್ಲಿ ಆ ಮೀನು ಒಪ್ಪುವುದು ಹತ್ತನ್ನು ಮಾತ್ರ, ಬಬಲ್ ಟಿಪ್ ಅದರಲ್ಲೊಂದು. ಐಪ್ಟೇಸಿಯಾ ಅಲ್ಲ. ಅನಿಮೋನ್ ಇಲ್ಲದೆಯೂ ಟ್ಯಾಂಕಿನಲ್ಲಿ ಆ ಮೀನು ಸುಖವಾಗಿರುತ್ತದೆ. ಅಂಗಡಿಯಲ್ಲಿ ಹಾಲಿನಂತೆ ಬೆಳ್ಳಗಿರುವ ಅನಿಮೋನ್ ತೋರಿಸಿ ಅಪರೂಪದ್ದು ಅಂದರೆ ನಂಬಬೇಡ. ನಾನು ಒಮ್ಮೆ ನಂಬಿ ಕೊಂಡು ಮೂರು ವಾರಕ್ಕೆ ಕಳೆದುಕೊಂಡೆ. ಒಳಗಿನ ಪಾಚಿ ಕಳೆದುಕೊಂಡು ಹಸಿವಿನಿಂದ ಬಿಳುಚಿದ ಜೀವ ಅದು.

ಇಲ್ಲಿನ ಬೈತಖೋಲದ ಕಡಲಬಂಡೆಯಿಂದ ಒಂದು ಅನಿಮೋನ್ ಕಿತ್ತು ಕಳಿಸೆಂದೆಯಲ್ಲ, ಅದು ನನ್ನಿಂದಾಗದು. ಇಳಿತದ ಹೊತ್ತಿಗೆ ಬಿಸಿಲಲ್ಲಿ ಒಣಗಿ ಮತ್ತೆ ಉಬ್ಬರದಲ್ಲಿ ಅರಳುವ ಜೀವ ನಿನ್ನ ಟ್ಯಾಂಕಿನಲ್ಲಿ ಏನು ಮಾಡೀತು? ಬಂಡೆಯ ಜೊತೆ ಕಲ್ಲುಹವಳವೇನಾದರೂ ಬಂದರೆ ಅದು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಯ ಸಾಲಿನಲ್ಲಿ.

ಸ್ಕಾಟ್ಲೆಂಡಿನಲ್ಲಿ ಜಾನ್ ಗ್ರಹಾಂ ಡ್ಯಾಲಿಯೆಲ್ ಎಂಬವರು 1828ರಲ್ಲಿ ನಾರ್ತ್ ಬರ್ವಿಕ್ ದಂಡೆಯಿಂದ ಒಂದು ಕೆಂಪು ಅನಿಮೋನ್ ತಂದು ಗಾಜಿನ ಪಾತ್ರೆಯಲ್ಲಿ ಇಟ್ಟರು. ಪಂಪಿಲ್ಲ, ದೀಪವಿಲ್ಲ, ಸಮುದ್ರದ ನೀರು ತಂದು ಬದಲಾಯಿಸುವುದೊಂದೇ ಉಪಚಾರ. ಅವರು 1851ರಲ್ಲಿ ತೀರಿಕೊಂಡರು, ಅದು ಕೈಯಿಂದ ಕೈಗೆ ಹೋಗಿ 1887ರ ತನಕ ಬದುಕಿತು. ಎಡಿನ್‌ಬರೋದಲ್ಲಿ ಅದನ್ನು "ಅಜ್ಜಿ" ಎಂದೇ ಕರೆಯುತ್ತಿದ್ದರಂತೆ. ನಿನ್ನದು ಒಳ್ಳೆಯ ಜಾತಿಯದಾದರೆ ಅದನ್ನು ಮುಂದೆ ಯಾರಿಗೆ ಕೊಡುತ್ತೀಯೋ ಈಗಲೇ ಯೋಚಿಸು, ನಾನಂತೂ ಒಲ್ಲೆ.

ಚೌತಿಗೆ ಬರುವಾಗ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಬಾ. ಇಳಿದ ಗುರುತಿನ ತನಕ ಆರ್‌ಓ ನೀರು ಹಾಕುವುದಷ್ಟೇ ಅವರ ಕೆಲಸ, ಊಟ ಹಾಕಲು ಬಿಡಬೇಡ. ಕರೆಂಟು ಹೋದರೆ ಒಂದು ಪಂಪಾದರೂ ಯುಪಿಎಸ್ ಮೇಲೆ ಓಡಲಿ. ಅದಕ್ಕೂ ಮುಂಚೆ ಬಿಳಿ ದೀಪದಲ್ಲಿ, ಪಕ್ಕದಿಂದ, ಪಾದ ಕಾಣುವಂತೆ ಒಂದು ಫೋಟೋ ಕಳಿಸು. ಹನ್ನೊಂದು ಬೇಡ.

ಇಂತು,
ನಿನ್ನ ಮಾವ