ಒಂದು ಸಲ ಬೇಡ ಅಂದರೆ

ಪ್ರೀತಿಯ ಪುಟ್ಟಿ,

ಊರಿನ ಸುದ್ದಿಯೆಲ್ಲ ನಿನ್ನ ಅಮ್ಮ ಆಗಲೇ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಒಂದು ಸಲ ಬೇಡ ಅಂದುಬಿಟ್ಟರೆ ಆಮೇಲೆ ನನ್ನನ್ನು ಯಾರೂ ಕೇಳೋದೇ ಇಲ್ಲ ಅತ್ತೆ" ಅಂತ, ಅದನ್ನು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಕೆಲಸ ಜಾಸ್ತಿ ಅಂತ ಬರೆದಿದ್ದರೆ ಇಷ್ಟು ಯೋಚನೆ ಆಗುತ್ತಿರಲಿಲ್ಲ. ನೀನು ಹೆದರಿಕೊಂಡು ಹೂಂ ಅನ್ನುತ್ತಿದ್ದೀಯ.

ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 611 ಬಂದ ದಿನ ನಾವೆಲ್ಲ ಪೇಡ ಹಂಚುತ್ತಿದ್ದರೆ ನೀನು ಕೋಣೆಯಲ್ಲಿ ಕೂತು ಆ 14 ಅಂಕ ಎಲ್ಲಿ ಹೋಯಿತು ಅಂತ ಲೆಕ್ಕ ಹಾಕುತ್ತಿದ್ದೆ. ಆಗಲೇ ನನಗೆ ಸ್ವಲ್ಪ ದಿಗಿಲಾಗಿತ್ತು.

2011ರ ಜನಗಣತಿ ನೆನಪಾಗುತ್ತದೆ. ಫೆಬ್ರವರಿಯಲ್ಲಿ ನಾವು ಮೇಷ್ಟ್ರುಗಳೆಲ್ಲ ಮನೆಮನೆ ಸುತ್ತಿದೆವು. ಫಾರಂ ಮಡಚುವಂತಿಲ್ಲ, ಅಂಕಿಗಳು ಚೌಕದೊಳಗೇ ಕೂರಬೇಕು, ಯಾಕೆಂದರೆ ಅದನ್ನು ಓದೋದು ಯಂತ್ರ. ನಾನು ಎಲ್ಲವನ್ನೂ ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು, ರಾತ್ರಿ ಊಟ ಆದ ಮೇಲೆ ಫಾರಮ್ಮಿಗೆ ಇಳಿಸುತ್ತಿದ್ದೆ, ಒಂದೊಂದು 7, ಒಂದೊಂದು 4 ಕೂಡ ಅಚ್ಚು ಹಾಕಿದ ಹಾಗೆ. ಜೊತೆಯ ಮೇಷ್ಟ್ರೊಬ್ಬರು ಜನರ ಮನೆ ಜಗಲಿಯಲ್ಲೇ ಕೂತು ತುಂಬಿಸಿ ಸಂಜೆ ಐದಕ್ಕೆ ಮನೆ ಸೇರುತ್ತಿದ್ದರು. ಇಬ್ಬರ ಕಟ್ಟನ್ನೂ ಮೇಲಿನವರು ಒಂದೇ ಥರ ತೆಗೆದುಕೊಂಡರು.

ಗಣತಿ, ಚುನಾವಣೆ ಬೇಡ ಅನ್ನೋ ಹಾಗಿಲ್ಲ, ಅದು ಕಾನೂನು. ಆದರೆ ಅದೇ ತಿಂಗಳು ವಾರ್ಷಿಕೋತ್ಸವದ ನಾಟಕ, ಸಂಘದ ಲೆಕ್ಕಪತ್ರ ಎಲ್ಲವೂ ನನ್ನ ತಲೆ ಮೇಲೇ ಇತ್ತು. ಆಗಷ್ಟೇ ಹಾರ್ಮೋನಿಯಂ ಕಲಿಯಲು ಹೋಗುತ್ತಿದ್ದೆ. ಸರಳೆ ಮುಗಿದು ಜಂಟಿ ವರಸೆ ಶುರುವಾಗಿತ್ತು. ಆ ವರ್ಷ ನಿಂತಿದ್ದು ನಿಂತೇ ಹೋಯಿತು. ಈಗ ಬೆರಳು ಬಗ್ಗೋದಿಲ್ಲ ಪುಟ್ಟಿ. ಇವತ್ತಿಗೂ ಅದಕ್ಕೆ ಹೊಟ್ಟೆ ಉರಿಯುತ್ತದೆ.

ಮತ್ತೆ ನಿನ್ನ ಆ ಸಾಲಿಗೇ ಬರುತ್ತೇನೆ. ಯಾರೂ ಕೇಳದೇ ಇರೋದಿಲ್ಲ ಅಂತ ಸುಳ್ಳು ಸಮಾಧಾನ ಹೇಳಲಾರೆ. ಮುಂದೆ ನಾನು ಸಂಘದ ಲೆಕ್ಕ ಆಗಲ್ಲ ಅಂದಾಗ ಇಬ್ಬರು ಮಾತು ಕಡಿಮೆ ಮಾಡಿದರು, ಒಬ್ಬರು ಮನೆ ಮದುವೆಗೂ ಕರೆಯಲಿಲ್ಲ. ಆಗ ಬೇಜಾರಾಯಿತು ನಿಜ. ಆದರೆ ಅವರಿಗೆ ಬೇಕಾಗಿದ್ದದ್ದು ಲೆಕ್ಕ ಬರೆಯೋ ಕೈ, ನಾನಲ್ಲ. ಉಳಿದವರು ಮುಂದಿನ ವರ್ಷವೂ ಕೇಳಿದರು, ಅದೂ ಬೇಡ ಬೇಡ ಅನ್ನುವಷ್ಟು!

ಉಪದೇಶ ಮಾಡೋಕೆ ನನಗೇನು ಅರ್ಹತೆ ಇದೆಯೋ ಗೊತ್ತಿಲ್ಲ. ಯಾರಾದರೂ ಕೇಳಿದ ತಕ್ಷಣ ಹೂಂ ಅನ್ನಬೇಡ, ನಾಳೆ ಹೇಳ್ತೀನಿ ಅನ್ನು, ಅಷ್ಟಾದರೂ ಮಾಡು. ಆಫೀಸಿನ ಮೇಲ್ ಎರಡು ಸಲ ಓದು ಸಾಕು, ಆರು ಸಲ ಬೇಡ. ರಾತ್ರಿ ಎದೆ ಡವಡವ ಅನ್ನುತ್ತೆ ಅಂತಲೂ ಬರೆದಿದ್ದೀಯ, ಮೊದಲು ಡಾಕ್ಟರಿಗೆ ತೋರಿಸು. ಮನಸ್ಸಿನ ತಳಮಳವೇ ಆಗಿದ್ದರೆ 14416ಕ್ಕೆ ಫೋನ್ ಮಾಡು, ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅದರಲ್ಲಿ ನಾಚಿಕೆ ಏನಿಲ್ಲ ಅಲ್ವಾ?

ರಾಜ್ಯೋತ್ಸವದ ಸ್ಮರಣ ಸಂಚಿಕೆಯ ಕೆಲಸ ಇನ್ನೂ ಒಪ್ಪಿಕೊಂಡಿಲ್ಲ ತಾನೇ? ಈ ಭಾನುವಾರದೊಳಗೆ ಆಗಲ್ಲ ಅಂತ ಹೇಳಿಬಿಡು. ಅವರು ಏನಂದರು ಅಂತ ನನಗೆ ಬರಿ.

ನಿನ್ನ
ಅತ್ತೆ