ಆಯುಧಪೂಜೆಗೆ ಪರದೆ ಏಳಬೇಕು: ನವರಾತ್ರಿಯ ಸಂಗೀತ ನಾಟಕಕ್ಕೆ ನೆರವು ಕೋರಿ ಮನವಿ

ಮಾನ್ಯ ಕಲಾಭಿಮಾನಿಗಳೇ,

ಆಯುಧಪೂಜೆಗೆ ಇನ್ನು ಮೂರೇ ವಾರ ಉಳಿದಿದೆ. ಅಂದು ಸಂಜೆ ನಮ್ಮ ಸಂಘದ ರಂಗಮಂದಿರದಲ್ಲಿ ಮಕ್ಕಳು, ಅಪ್ಪ ಅಮ್ಮಂದಿರು, ಅಜ್ಜಿಯರು ಎಲ್ಲರೂ ಸೇರಿ ಆಡುವ ‘ಪುಣ್ಯಕೋಟಿ’ ಸಂಗೀತ ನಾಟಕ ನಡೆಯಲೇಬೇಕೆಂದು ಸಮಿತಿ ತೀರ್ಮಾನಿಸಿದೆ. ತೀರ್ಮಾನ ಸುಲಭ, ಮಂದಿರದ ಸ್ಥಿತಿ ಬೇರೆಯೇ ಇದೆ. ಆಶ್ಲೇಷ ಮಳೆಯ ಹೊಡೆತಕ್ಕೆ ರಂಗದ ಮೇಲಿನ ಪಕಾಸು ಮುರಿದು ಹೆಂಚು ಜಾರಿತು. ಸುತ್ತಿಟ್ಟಿದ್ದ ಪರದೆಗಳ ಮೇಲೆ ರಾತ್ರಿಯಿಡೀ ನೀರು ಸುರಿಯಿತು. ಅರಮನೆಯ ಪರದೆಯಲ್ಲಿ ಕಂಬ ಯಾವುದು, ಬಣ್ಣ ಇಳಿದ ಗೆರೆ ಯಾವುದು ತಿಳಿಯದಂತಾಗಿದೆ. ಅರಮನೆ ಈ ನಾಟಕಕ್ಕೆ ಬೇಡ, ಆದರೆ ಕಾಡು ಬೇಕೇ ಬೇಕು. ಕಾಡಿನ ಪರದೆಗೆ ಬೂಷ್ಟು ಹಿಡಿದಿದೆ. ಕಾಲು ಹಾರ್ಮೋನಿಯಂನ ತಿದಿ ಒದ್ದೆಯಾಗಿ ಗಾಳಿ ಹಿಡಿಯುತ್ತಿಲ್ಲ.

ಸಂಘದ ಚರಿತ್ರೆಯನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ, ಆದರೂ ಹೇಳದೆ ಇರಲಾಗುತ್ತಿಲ್ಲ. ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ನಮ್ಮ ಹಿರಿಯರ ಬಳಿ ಇದ್ದದ್ದು ಪೆಟ್ರೋಮ್ಯಾಕ್ಸ್ ದೀಪ ಮತ್ತು ಬಿದಿರಿನ ರಥ. ಅಷ್ಟರಲ್ಲೇ ಬೆಳಗಿನ ಜಾವದವರೆಗೆ ಊರನ್ನು ಕೂರಿಸಿಕೊಳ್ಳುತ್ತಿದ್ದರು. ನಮ್ಮದೇ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ನಾಟಕ ಸಂಘ ಹುಟ್ಟಿತು. 1991ರಲ್ಲಿ ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಇಲ್ಲಿಯೂ ಪಟಾಕಿ ಹಾರಿತ್ತು. ಅದೇ ಗಾಳಿ ಕುಡಿದು ಬೆಳೆದ ಸಂಘ ಇದು. ಹಣ ಕೊಟ್ಟು ಹೊರಗಿನ ಕಲಾವಿದರನ್ನು ಕರೆಸಿದ್ದೇ ಇಲ್ಲ. ಅಂಚೆಯಣ್ಣ ಭೀಮನಾದ, ಕನ್ನಡ ಮಾಸ್ತರರು ದ್ರೌಪದಿಯಾದರು, ಆ ದ್ರೌಪದಿಗೆ ಬಂದ ಸೀರೆಗಳನ್ನು ಮಾಸ್ತರರ ಹೆಂಡತಿ ವರ್ಷಗಟ್ಟಲೆ ಉಟ್ಟರು. ಇದನ್ನೇ ಹೇಳುತ್ತ ಹೋದರೆ ಕೇಳಬೇಕಾದದ್ದು ಉಳಿದುಹೋಗುತ್ತದೆ.

ದಸರಾ ರಜೆಯಲ್ಲಿ ಪೇಟೆಯ ಮಕ್ಕಳು ಅಜ್ಜನ ಮನೆಗೆ ಹೋಗುತ್ತಾರೆ. ತೋಟದ ಕೂಲಿಯವರ ಮಕ್ಕಳಿಗೆ ರಜೆಯೆಂದರೆ ತಮ್ಮ ತಂಗಿಯರನ್ನು ನೋಡಿಕೊಂಡು ಮನೆ ಕಾಯುವ ಕೆಲಸ. ಶಾಲೆಯ ಬಿಸಿಯೂಟವೂ ಆ ದಿನಗಳಲ್ಲಿ ಇಲ್ಲ. ಆದ್ದರಿಂದಲೇ ರಜೆಯ ತಾಲೀಮಿನಲ್ಲಿ ಮಧ್ಯಾಹ್ನದ ಊಟ ನಮ್ಮದು. ತಮ್ಮ ತಂಗಿಯರೂ ಬರಲಿ, ಕರುಗಳ ಹಿಂಡಿಗೆ ಎಷ್ಟು ಜನರಿದ್ದರೂ ಕಡಿಮೆಯೇ. ಹುಲಿ ಅರ್ಬುತನಾಗಲು ಊರಿನ ಎಲ್ಲ ಹುಡುಗರೂ ಸಿದ್ಧ. ಪುಣ್ಯಕೋಟಿಗೆ ಮಾತ್ರ ಉದ್ದುದ್ದ ಪದಗಳು ಕಂಠಪಾಠವಾಗಬೇಕು. ಆ ಪಾತ್ರ ಒಲಿದದ್ದು ಏಳನೇ ತರಗತಿಯ ಒಬ್ಬ ಹುಡುಗಿಗೆ. ಅಡಿಕೆ ಸುಲಿಯಲು ಹೋಗುವ ಅವಳ ತಾಯಿಯನ್ನೂ ಹಿಮ್ಮೇಳಕ್ಕೆ ಕರೆದಿದ್ದೇವೆ. ನಾಟಿ ಗದ್ದೆಯಲ್ಲಿ ಪಳಗಿದ ಕಂಠ ಅದು, ಮೈಕ್ ಕೇಳುವುದಿಲ್ಲ.

ಖರ್ಚಿನ ಅಂದಾಜು ಹೀಗಿದೆ: ಮಾಡಿನ ದುರಸ್ತಿಗೆ ಸುಮಾರು 2 ಲಕ್ಷ ರೂಪಾಯಿ. ಪರದೆ, ಹಾರ್ಮೋನಿಯಂ, ವೇಷಭೂಷಣ ಸೇರಿ 60 ಸಾವಿರದ ಆಸುಪಾಸು. ಬೆಳಕು, ಧ್ವನಿ, ಊಟ, ದೂರದ ಕೇರಿಗಳ ಮಕ್ಕಳನ್ನು ರಾತ್ರಿ ಮನೆ ಮುಟ್ಟಿಸುವ ವ್ಯಾನು ಇವಕ್ಕೆಲ್ಲ ಇನ್ನೊಂದು 50 ಸಾವಿರ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲವಾದ್ದರಿಂದ ಆಟ 6.30ಕ್ಕೇ ಶುರು. ಬಾಡಿಗೆಯೂ ಅಷ್ಟರಮಟ್ಟಿಗೆ ಕಡಿಮೆ.

ಕೊಳೆರೋಗದಿಂದ ಈ ಸಲ ತೋಟದವರ ಕೈಯೂ ಕಟ್ಟಿದೆ ಎಂಬುದು ಗೊತ್ತಿದೆ. ಹಣವಾಗದವರು ಹಳೆಯ ಹೆಂಚು, ರೀಪು, ಅಕ್ಕಿ, ಬೆಲ್ಲ, ತೆಂಗಿನಕಾಯಿ ಏನು ಕೊಟ್ಟರೂ ಸಂತೋಷ. ಬೆಂಗಳೂರಿನಲ್ಲಿ, ಪರದೇಶದಲ್ಲಿ ನೆಲೆಸಿದ ನಮ್ಮೂರ ಮಕ್ಕಳು ಸಂಘದ ಬ್ಯಾಂಕ್ ಖಾತೆ ವಿಚಾರಿಸಿ. ಇದೇ ರಂಗದಲ್ಲಿ ನೀವೂ ಕರುವಾಗಿ ಕುಣಿದವರು. ಪ್ರತಿ ರೂಪಾಯಿಗೂ ರಸೀದಿ ಉಂಟು, ಲೆಕ್ಕವನ್ನು ಮಂದಿರದ ಬಾಗಿಲಿಗೇ ಅಂಟಿಸುತ್ತೇವೆ.

ಮುಂಗಡ ಕೈಗೆ ಬಾರದೆ ಮರ ಮುಟ್ಟುವುದಿಲ್ಲ ಎಂದು ಬಡಗಿ ಹೇಳಿದ್ದಾನೆ. ಅವನಿಗೆ ಮಾತು ಕೊಟ್ಟಿರುವುದು ಬರುವ ಗುರುವಾರಕ್ಕೆ. ದಯವಿಟ್ಟು ಅಷ್ಟರೊಳಗೆ ನಿಮ್ಮ ಕಾಣಿಕೆ ಖಜಾಂಚಿಯವರಿಗೆ ತಲುಪಲಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಮಿತಿಯ ಪರವಾಗಿ